ಅಳತೆಗೆ ನಿಂತ ಹುಡುಗಿ

“ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ,” ಎಂದ ಮಲ್ಲಿಕ್.

ಶಿವಮೊಗ್ಗದ ಸರ್ಕಲ್ಲೊಂದರಲ್ಲಿ, ಸೈನ್ಯದಿಂದ ನಿವೃತ್ತಿಯಾಗಿ ಬಂದು ಕಟ್ಟೆಯ ಮೇಲೆ ಕೂತಿದ್ದ ಯುದ್ಧ ಟ್ಯಾಂಕಿನ ಪಕ್ಕದಲ್ಲಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಸುಮನಾ ಚಪ್ಪಲಿ ಬಿಟ್ಟಳು. ದೇವಸ್ಥಾನವಾಗಿದ್ದರೆ ಪುಣ್ಯವಾದರೂ ಬರುತ್ತಿತ್ತು. ಹಿಂದಿನ ಭಾನುವಾರ ಮಲ್ಲಿಕ್‌ನ ಮನೆಯವರು ಭದ್ರಾವತಿಗೆ ಬಂದು, ಅವಳನ್ನು ನೋಡಿ, ಕೇಸರಿಬಾತು ತಿಂದು ಹೋಗಿದ್ದರು. ಈಗಿನ ಕಾಲ, ಹುಡುಗ ಹುಡುಗಿ ಹೊರಗೆ ಹೋಗಿ ಮನಸ್ಸು ಬಿಚ್ಚಿ ಮಾತಾಡಿಕೊಳ್ಳಲಿ ಎಂದು ಹಿರಿಯರು ಉದಾರವಾಗಿ ಒಂದು ಮಧ್ಯಾಹ್ನವನ್ನು ದಯಪಾಲಿಸಿದ್ದರು. ಸಂಜೆಯೊಳಗೆ ಇಬ್ಬರೂ ಒಪ್ಪಿಗೆ ಹೇಳಬೇಕು. ಗಾಜನೂರು ಡ್ಯಾಮಿಗೆ ಕರೆದುಕೊಂಡು ಹೋಗುತ್ತಾನೆ ಎಂದುಕೊಂಡು ಸುಮನಾ ರೇಷ್ಮೆ ಸೀರೆ ಉಟ್ಟಿದ್ದಳು. ಕೇಳಬೇಕಾದ ಮಾತು ಒಂದೇ ಇತ್ತು: ಮದುವೆಯಾಗಿ ಶಿವಮೊಗ್ಗದ ವಿನೋಬನಗರದ ಅವನ ಮನೆಗೆ ಬಂದ ಮೇಲೂ ತಾನು ಭದ್ರಾವತಿಯ ಸ್ಕೂಲಿನ ಕೆಲಸ ಬಿಡದೆ, ದಿನಾ ಬಸ್ಸಿನಲ್ಲಿ ಹೋಗಿಬರಬಹುದೇ? ಹಿಂದೆ ಬಂದಿದ್ದ ಗಂಡು ಇದಕ್ಕೆ ‘ನೋಡೋಣ’ ಎಂದಿದ್ದ. ಏನನ್ನೂ ನೋಡುವ ಮನಸ್ಸಿಲ್ಲದಾಗ ಗಂಡಸರು ಹೇಳುವ ಮಾತು ಅದು ಎಂದು ತಿಳಿದು, ಅವಳು ಆ ಸಂಬಂಧ ಬಿಟ್ಟಿದ್ದಳು.

ಮಲ್ಲಿಕ್ ಮನೆಯಲ್ಲಿ ಗೇಣುದ್ದದ ಟ್ಯಾಂಕೊಂದನ್ನು ಕಟ್ಟುತ್ತಿದ್ದ. ಪ್ಲಾಸ್ಟಿಕ್ಕಿನದು, ಅಸಲಿನ ಮೂವತ್ತೈದರಲ್ಲೊಂದು ಪಾಲು. ಅದರ ಪುಸ್ತಕದಲ್ಲಿ ಎಲ್ಲದರ ಅಳತೆಯೂ ಇತ್ತು. ನಮ್ಮ ಸೈನ್ಯದವರು ಆಮೇಲೆ ಪಕ್ಕಕ್ಕೆ ಬೆಸೆದ ಪೆಟ್ಟಿಗೆಗಳದ್ದು ಮಾತ್ರ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸರ್ಕಲ್ಲಿನ ಇದೇ ಟ್ಯಾಂಕಿನ ಫೋಟೋಗಳು ರಾಶಿಗಟ್ಟಲೆ ಸಿಗುತ್ತಿದ್ದವು. ಆದರೆ ಪ್ರತಿಯೊಂದರಲ್ಲೂ ಆ ಪೆಟ್ಟಿಗೆಗಳಿಗೆ ಅಡ್ಡವಾಗಿ ಯಾರದೋ ಹುಟ್ಟುಹಬ್ಬ, ಯಾರದೋ ಪ್ರೀವೆಡ್ಡಿಂಗು, ಯಾವನೋ ಮರಿನಾಯಕನ ಹೊಟ್ಟೆ. ಟೇಪು ಹಿಡಿದು ತಾನೇ ಬಂದಾಗ ಕಾವಲಿನವನು ಗೂಢಚಾರನೆಂದು ತಿಳಿದು ಆಧಾರ್ ಕಾರ್ಡು ಕೇಳಿದ್ದನಂತೆ.

“ಹುಡುಗೀನ ನಿಲ್ಲಿಸಿ ಫೋಟೋ ತೆಗೆದ್ರೆ ಯಾರೂ ಏನೂ ಕೇಳಲ್ಲ,” ಎಂದು ಮಲ್ಲಿಕ್ ತನ್ನ ಉಪಾಯವನ್ನು ವಿವರಿಸಿದ. “ನಿಮ್ಮ ಎತ್ತರ ಗೊತ್ತಿದ್ರೆ ಸಾಕು, ಫೋಟೋ ನೋಡ್ಕೊಂಡು ಮಿಕ್ಕಿದ್ದೆಲ್ಲ ಲೆಕ್ಕ ಹಾಕ್ಬಹುದು. ಬಯೋಡೇಟಾದಲ್ಲಿ ಐದಡಿ ನಾಲ್ಕಿಂಚು ಅಂತಿದೆ, ಅಲ್ವಾ?”

“ಅಂತಿದೆ,” ಎಂದಳು ಸುಮನಾ.

ಬಯೋಡೇಟಾದಲ್ಲಿ ಹೆಣ್ಣುಮಕ್ಕಳು ಎರಡಿಂಚು ಬೆಳೆಯುವುದು, ಗಂಡುಮಕ್ಕಳ ಸಂಬಳ ಅದಕ್ಕಿಂತ ಜೋರಾಗಿ ಬೆಳೆಯುವುದು ನಡೆದುಬಂದ ರೂಢಿ. ಅದನ್ನು ನಂಬಿ ಒಬ್ಬ ಟ್ಯಾಂಕು ಕಟ್ಟಿಯಾನೆಂದು ಅವಳ ತಾಯಿ ಉಮಾಮಹೇಶ್ವರಿ ಕನಸಿನಲ್ಲೂ ಎಣಿಸಿರಲಿಲ್ಲ.

ಚಕ್ರದ ಪಕ್ಕ ನಿಲ್ಲಿಸಿದ, ಪೆಟ್ಟಿಗೆಯ ಪಕ್ಕ ನಿಲ್ಲಿಸಿದ, ಹಿಂದೆ ಹೊಗೆ ಬಿಡುವ ತೂತಿನ ಪಕ್ಕವೂ ನಿಲ್ಲಿಸಿದ. ಸುಮನಾ ಸ್ಕೂಲಿನ ಮಾತು ತೆಗೆದಳು. ಕೇಳಿ, ಆದರೆ ತಲೆ ಅಲ್ಲಾಡಿಸಬೇಡಿ ಎಂದ. ಅಲ್ಲಾಡಿಸದೆ ಕೇಳಿದಳು. “ಹಾಂ ಹಾಂ. ಸ್ವಲ್ಪ ಎಡಕ್ಕೆ,” ಎಂಬ ಉತ್ತರ ಬಂತು. ಅಜ್ಜಿಯರ ಕಥೆಗಳಲ್ಲಿ ರಾಜಕುಮಾರ ಏಳು ಕೋಟೆ ದಾಟಿ ಬಂದು, ಕಲ್ಲಾಗಿ ನಿಂತವಳನ್ನು ಮುಟ್ಟಿ ಹೆಣ್ಣು ಮಾಡುತ್ತಾನೆ. ಈ ರಾಜಕುಮಾರನಿಗೆ ಕಲ್ಲೇ ಅನುಕೂಲವಾಗಿತ್ತು.

ಸಂಜೆ, ಟ್ಯಾಂಕು ಸರಿಯಾಗಿ ಬಾರದ ಫೋಟೋಗಳನ್ನೆಲ್ಲ ಅವನು ಅವಳ ಮೊಬೈಲಿಗೆ ಕಳಿಸಿದ. ಅವು ಅವನಿಗೆ ಉಪಯೋಗವಿರಲಿಲ್ಲ. ಉಮಾಮಹೇಶ್ವರಿ ಒಂದೊಂದನ್ನೇ ಸರಿಸಿ ನೋಡುತ್ತಾ ಕರಗಿಹೋದರು. “ಎಷ್ಟು ಫೋಟೋ ತೆಗ್ದಿದಾನೆ ನೋಡೇ ಮಾರಾಯ್ತಿ. ಅಷ್ಟು ದೊಡ್ಡ ಟ್ಯಾಂಕ್ ಇದೆ, ಅದರ ಕಡೆ ಕಣ್ಣೇ ಹಾಕಿಲ್ಲ ಹುಡುಗ.”

ಅಷ್ಟರಲ್ಲಿ ಸುಮನಾಳ ಫೋನು ಹೊಡೆದುಕೊಂಡಿತು. ಮಲ್ಲಿಕ್. ಮಧ್ಯಾಹ್ನವೆಲ್ಲ ಇಲ್ಲದ ಭಾವ ಅವನ ದನಿಯಲ್ಲಿ ತುಂಬಿತ್ತು.

“ಚಕ್ರ ಪುಸ್ತಕದಲ್ಲಿರೋದಕ್ಕಿಂತ ಒಂದಿಂಚು ದೊಡ್ಡದು ಬರ್ತಿದೆ ರೀ. ನನ್ನಿಂದ ಏನೂ ಮುಚ್ಚಿಡ್ಬೇಡಿ. ನಿಮ್ಮ ನಿಜವಾದ ಎತ್ತರ ಎಷ್ಟು?”

“ಮೊದ್ಲು ನನ್ನ ಸ್ಕೂಲಿನ ವಿಷಯ ಹೇಳಿ.”

“ಯಾವ ಸ್ಕೂಲು?”

ಸುಮನಾ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಒಂದಿಂಚಿನ ವ್ಯತ್ಯಾಸಕ್ಕೆ ಊಟ ಬಿಟ್ಟು ಕೂತಿದ್ದವನು ಇದಕ್ಕೆ ಸ್ವಲ್ಪವೂ ತಡಮಾಡಲಿಲ್ಲ. “ಅದನ್ನ ಅಮ್ಮನ್ನ ಕೇಳ್ಬೇಕು.”

“ಹಾಗಾದ್ರೆ ಎತ್ತರಾನೂ ಅಮ್ಮನ್ನೇ ಕೇಳಿ,” ಎಂದು ಫೋನಿಟ್ಟಳು.

ಮಾತು ಕೇಳುವ ಮಗ. ಅವನ ತಾಯಿ ಪ್ರೇಮಮ್ಮ ಕೂಡಲೇ ಉಮಾಮಹೇಶ್ವರಿಗೆ ಫೋನು ಮಾಡಿದರು. ಹೆಣ್ಣಿನ ತಾಯಿ ಮಗಳ ಮುಖ ನೋಡದೆ, “ಐದಡಿ ನಾಲ್ಕೇ ಕಣ್ರೀ. ಸರಿಯಾಗಿ ನೋಡಿದ್ರೆ ಇನ್ನರ್ಧ ಜಾಸ್ತೀನೇ ಇದಾಳೆ,” ಎಂದರು. ಸುಮನಾ ಅವರ ಕೈಯಿಂದ ಫೋನು ತೆಗೆದುಕೊಂಡಳು.

“ಐದಡಿ ಎರಡಿಂಚು, ಆಂಟಿ. ಮದುವೆ ಆದ್ಮೇಲೂ ದಿನಾ ಬೆಳಿಗ್ಗೆ ಭದ್ರಾವತಿ ಬಸ್ ಹತ್ತಿ ಸ್ಕೂಲಿಗೆ ಹೋಗೋಳು. ಎರಡನ್ನೂ ನಿಮ್ಮ ಮಗನಿಗೆ ಹೇಳಿ.”

ಪ್ರೇಮಮ್ಮ ಒಳಗೆ ತಿರುಗಿ, “ಎರಡಿಂಚಂತೆ ಕಣೋ,” ಎಂದು ಕೂಗಿದ್ದು ಕೇಳಿಸಿತು. ಆ ಕಡೆ ಕ್ಯಾಲ್ಕುಲೇಟರ್ ಒತ್ತುವ ಸದ್ದು. ಆಮೇಲೆ ಮಲ್ಲಿಕ್‌ನ ದನಿ, ಬಾಳು ಸಾರ್ಥಕವಾದವನಂತೆ: “ಸರಿಹೋಯ್ತಮ್ಮ. ಚಕ್ರ ಸರಿಹೋಯ್ತು.”

“ಹುಡುಗನಿಗೆ ಪೂರ್ತಿ ಒಪ್ಪಿಗೆಯಂತೆ,” ಎಂದರು ಪ್ರೇಮಮ್ಮ. ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಉಮಾಮಹೇಶ್ವರಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಸುಮನಾ ಫೋನನ್ನು ತಾಯಿಯ ಕೈಗಿತ್ತು, ಬೆಳಿಗ್ಗೆ ಸ್ಕೂಲಿಗೆ ಉಡುವ ಕಾಟನ್ ಸೀರೆಯನ್ನು ಮಂಚದ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದಳು.

“ಹುಡುಗಿ ಒಪ್ಪಿಗೇನ ಇನ್ನೂ ಯಾರೂ ಕೇಳಿಲ್ಲ ಅಂತ ಹೇಳಮ್ಮ.”