ತಮ್ಮನ ಸ್ವೆಟರು

ವಸ್ತುಸಂಗ್ರಹಾಲಯದ ಜಪಾನಿ ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿದ್ದ ಬಾಚಣಿಗೆಗೆ ಕುಮುದಿನಿ ದೀಪ ಹಾಕಿದೊಡನೆ, ಅದರ ಒಡತಿಯ ನೆರಳು ಎಂದಿನಂತೆ ಗೋಡೆಯ ಮೇಲೆ ತಲೆ ಬಾಚಿಕೊಳ್ಳತೊಡಗಿತು. ಸತ್ತವರ ವಸ್ತುವಿನ ಮೇಲೆ ಬೆಳಕು ಬಿದ್ದರೆ ಸತ್ತವರದೇ ನೆರಳು ಮೂಡುವ ಕಾಲವದು. ನೆರಳಿನ ತಲೆ ಸೂರಿಗೆ ತಾಗದಂತೆ ಅವಳು ದೀಪವನ್ನು ಸರಿಪಡಿಸಿದಳು.

ಹಡಗಿನ ಕೆಲಸಕ್ಕೆ ಹೋದ ಅವಳ ತಮ್ಮ, ಆರಡಿ ಆಳು, ಫೋನು ಮಾಡಿ ತಿಂಗಳುಗಳಾಗಿದ್ದವು. ಅವನ ಸ್ವೆಟರನ್ನು ತೊಟ್ಟೇ ದಿನವೂ ಕೆಲಸಕ್ಕೆ ಬರುತ್ತಿದ್ದಳು. ದೀಪದೆದುರು ತನ್ನದೇ ಗಿಡ್ಡ ನೆರಳು ಕಂಡರೆ ಅಂದಿನ ಮಟ್ಟಿಗೆ ಸಮಾಧಾನ.

“ಮೇಡಂ, ನಿಮ್ಮ ಹಿಂದೆ ನಿಂತಿರೋ ಉದ್ದನೆಯೋರಿಗೆ ಸ್ವಲ್ಪ ಸರಿಯೋಕೆ ಹೇಳಿ,” ಎಂದ, ಪಕ್ಕದ ಪೆಟ್ಟಿಗೆ ಒರೆಸುತ್ತಿದ್ದ ಚೆನ್ನವೀರ, ತಲೆ ಎತ್ತದೆ. “ಅವರ ನೆರಳಲ್ಲಿ ಗಾಜಿನ ಕಲೆ ಕಾಣ್ತಿಲ್ಲ.”

ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಕುಮುದಿನಿ ತಿರುಗಿ ನೋಡದೆ, ಕೈ ಚಾಚಿ ದೀಪ ಆರಿಸಿದಳು.