ಐದೂಕಾಲು ನಿಮಿಷದ ಲ್ಯಾಪ್‌ಟಾಪು

"ಐದು ನಿಮಿಷ, ಹದಿನಾಲ್ಕು ಸೆಕೆಂಡು." ಮಧುಕರ ಕೈಗಡಿಯಾರದಿಂದ ತಲೆಯೆತ್ತಿದ. "ಇಷ್ಟು ಹೊತ್ತಲ್ಲಿ ಯೂನಿಯನ್ ಸಿಟಿಯಿಂದ ಫ್ರೀಮಾಂಟಿಗೆ ಟ್ರೈನಲ್ಲಿ ಬಂದುಬಿಡಬಹುದು ಕಣೋ."

ಊಟದ ಮೇಜಿನ ಮೇಲೆ ಶಿವಪ್ರಕಾಶನ ಹಳೆಯ ಲ್ಯಾಪ್‌ಟಾಪು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕುಳಿತಿತ್ತು. ಅದನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಮೂರು ವಾರದ ಹಿಂದಿನವರೆಗೆ ಒಂದು ನಿಮಿಷದೊಳಗೆ ಎದ್ದು ಕೂರುತ್ತಿದ್ದ ಯಂತ್ರ ಈಗ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳನ್ನು ಒಂದೊಂದಾಗಿ ಉಗುಳುತ್ತಿತ್ತು. ನಡುವೆ ಒಂದು ಕಡೆ ನಿಂತರೆ ನಿಂತೇಬಿಡುತ್ತಿತ್ತು. ಮೊನ್ನೆ ಹಣ ಹೂಡುವವರ ಮೀಟಿಂಗಿನಲ್ಲಿ ಹಾಗೆಯೇ ನಿಂತು ಶಿವಪ್ರಕಾಶನ ಮಾನ ತೆಗೆದಿತ್ತು. ಈ ಭಾನುವಾರ ಸಂಜೆಯೊಳಗೆ ಸರಿಹೋಗದಿದ್ದರೆ ಹೇವರ್ಡಿನ ಗುಜರಿಯವರಿಗೆ ಕೊಟ್ಟು ಹೊಸದು ತರುತ್ತೇನೆ ಎಂದು ಅವನು ಹೇಳಿಯಾಗಿತ್ತು.

ಗುಜರಿಯ ಮಾತು ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ಮೈಥಿಲಿಯ ಎದೆಗೆ ನಾಟಿತು. ಆ ಮನೆಯಲ್ಲಿದ್ದದ್ದು ಅದೊಂದೇ ಕಂಪ್ಯೂಟರು. ಅದೂ ದಿನಾ ಬೆಳಿಗ್ಗೆ ಗಂಡನ ಹೆಗಲೇರಿ ಆಫೀಸಿಗೆ ಹೊರಟುಬಿಡುತ್ತಿತ್ತು.

ಮೈಥಿಲಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಪ್ರೋಗ್ರಾಂ ಬರೆದವಳು. ಅಮೆರಿಕಕ್ಕೆ ಬಂದ ಮೇಲೆ ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಸಂಬಳ ಬೇಡ, ಲಿನಕ್ಸು ಹೇಗೂ ಊರವರೆಲ್ಲ ಸೇರಿ ಬಿಟ್ಟಿಯಾಗಿ ಕಟ್ಟುವಂಥದ್ದು, ಮನೆಯಲ್ಲೇ ಕೂತು ಅದರ ತಪ್ಪುಗಳನ್ನು ತಿದ್ದುತ್ತೇನೆ, ಒಂದು ಕಂಪ್ಯೂಟರು ಕೊಡಿಸಿ ಎಂದು ಎರಡು ಸಲ ಕೇಳಿದ್ದಳು. ಗ್ರೀನ್ ಕಾರ್ಡ್ ಬರಲಿ, ಆಮೇಲೆ ನೋಡೋಣ ಎಂದು ಎರಡು ಸಲವೂ ಉತ್ತರ ಬಂದಿತ್ತು. ಅದು ಬರಲು ಐದು ವರ್ಷವೋ ಆರೋ. ಅಷ್ಟರಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆಂಬ ಭಯಕ್ಕೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಆದರೂ ಮೂರನೆಯ ಸಲ ಬಾಯಿಬಿಟ್ಟು ಕೇಳುವುದಿಲ್ಲ ಎಂದು ಹಠ ತೊಟ್ಟಿದ್ದಳು.

ಮಧುಕರ ಹಾಸನದಿಂದಲೂ ಶಿವಪ್ರಕಾಶನ ಗೆಳೆಯ. ಫ್ರೀಮಾಂಟಿನ ಕನ್ನಡದವರ ಮನೆಗಳಲ್ಲಿ ಯಾವ ಕಂಪ್ಯೂಟರು ಕೆಮ್ಮಿದರೂ ಅವನಿಗೇ ಫೋನು. ಪಾಸ್‌ವರ್ಡ್ ಕೇಳಿದಾಗ ಶಿವಪ್ರಕಾಶ ಗಟ್ಟಿಯಾಗಿಯೇ ಹೇಳಿದ. ಅದು ಅವನ ಮತ್ತು ಮೈಥಿಲಿಯ ಮದುವೆಯ ತಾರೀಖು.

"ಅತ್ತಿಗೆ, ಲಿನಕ್ಸಿನ ದೊಡ್ಡತನ ಏನು ಗೊತ್ತಾ?" ಮಧುಕರ ಅಡುಗೆಮನೆಯ ಕಡೆ ತಿರುಗಿದ. "ಎಲ್ಲಾ ಓಪನ್ನು. ಒಳಗೆ ಯಾರು ಬೇಕಾದ್ರೂ ಕೈ ಹಾಕಬಹುದು."

"ಹೌದಾ," ಎಂದಳು ಮೈಥಿಲಿ, ಮುದ್ದೆ ಕೋಲು ತಿರುವುತ್ತಲೇ. ಅವಳೂ ಪ್ರೋಗ್ರಾಮರ್ ಎಂಬುದು ಅವನಿಗೆ ಗೊತ್ತಿತ್ತು, ನೆನಪಿರಲಿಲ್ಲ.

ಡಿಸ್ಕಿಗೇ ವಯಸ್ಸಾಯಿತೇನೋ ಎಂದು ಅವಳು ಮೆಲ್ಲಗೆ ಸೂಚಿಸಿದಳು. ಡಿಸ್ಕು ಅಂದರೆ ಗ್ರೈಂಡರಿನ ಕಲ್ಲಲ್ಲ ಅತ್ತಿಗೆ, ಸವೆಯೋದಕ್ಕೆ ಎಂದು ಮಧುಕರ ನಕ್ಕ. ಶಿವಪ್ರಕಾಶನೂ ನಕ್ಕ. ಮೈಥಿಲಿ ತಿರುಗಿ ಒಲೆಯ ಉರಿ ಇಳಿಸಿದಳು.

ಯಂತ್ರ ಮತ್ತೆ ಶುರುವಾಯಿತು. ಈ ಸಲ ಮಧುಕರ ಪರದೆಗೆ ಮೂಗು ತಾಗಿಸಿ ಕುಳಿತ. ಅಂಚೆಯ, ಅಂದರೆ ಇಮೇಲಿನ, ಪ್ರೋಗ್ರಾಮನ್ನು ಎಬ್ಬಿಸುವ ಸಾಲಿಗೆ ಬಂದದ್ದೇ ಅಕ್ಷರಗಳು ನಿಂತವು. ಮಧುಕರನ ಹುಬ್ಬು ಮೇಲೇರಿತು.

"ಸಿಕ್ಕಿತು ಅನ್ಸುತ್ತೆ ಕಣೋ. ಇದು ತನ್ನ ಹೆಸರೇನು ಅಂತ ಯಾರನ್ನೋ ಕೇಳಿ ಉತ್ತರಕ್ಕೆ ಕಾಯ್ತಾ ಇದೆ. ಅದು ಕೇಳ್ತಿರೋ ಅಡ್ರೆಸ್ಸಲ್ಲಿ ಯಾರೂ ಇಲ್ಲ. ಆ ಅಡ್ರೆಸ್ ಇರೋ ಫೈಲು ತೆಗೆದು ನೋಡ್ತೀನಿ, ತಾಳು."

ಮೈಥಿಲಿಯ ಕೈ ಹಾಗೇ ನಿಂತಿತು. ಯಂತ್ರ ಏಳುವುದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಅಷ್ಟರೊಳಗೆ ಅವಳು ಮೂರು ತಟ್ಟೆಗೂ ಮುದ್ದೆ ಹಾಕಿ, ಅವರೆಕಾಳಿನ ಸಾರು ಬಿಟ್ಟು, ಮೇಜಿನ ಹತ್ತಿರ ಬಂದು ನಿಂತಳು.

"ಬಡಿಸಿದೀನಿ. ಆರಿಹೋದ್ರೆ ಗಂಟಲಲ್ಲಿ ಇಳಿಯಲ್ಲ."

ಹಾಸನದ ಕಡೆಯವರು ಯಾರನ್ನಾದರೂ ಕಾಯಿಸುತ್ತಾರೆ, ಬಡಿಸಿದ ಬಿಸಿ ಮುದ್ದೆಯನ್ನು ಕಾಯಿಸುವುದಿಲ್ಲ. ಇಬ್ಬರೂ ಮರುಮಾತಿಲ್ಲದೆ ಕೈತೊಳೆಯಲು ಎದ್ದರು. ತಟ್ಟೆಗೆ ಜಾಗ ಬೇಕಲ್ಲ, ಲ್ಯಾಪ್‌ಟಾಪನ್ನು ಮೈಥಿಲಿಯೇ ಎತ್ತಿ ಸೋಫಾ ಮೇಲಿಟ್ಟಳು. ಮಧುಕರ ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೂ ಬಿಡದೆ ಎರಡನೆಯ ಮುದ್ದೆ ಹಾಕಿದಳು. ಅಮೆರಿಕದಲ್ಲಿ ಇಂಥ ಊಟ ಯಾರು ಹಾಕುತ್ತಾರೆ ಎನ್ನುತ್ತ ಅವನು ಅದನ್ನೂ ನುಂಗಿದ.

ಊಟದ ನಂತರ ಫೈಲಿನ ವಿಷಯ ಅವನ ತಲೆಯಿಂದ ಹಾರಿಹೋಗಿತ್ತು. ಕಣ್ಣು ಎಳೆಯುತ್ತಿತ್ತು. ಸುಲಭದ ದಾರಿ ಹಿಡಿದು ಅಂಚೆಯ ಪ್ರೋಗ್ರಾಮನ್ನೇ ನಿಲ್ಲಿಸಿದ. ಯಂತ್ರ ಮುಂದಿನ ಸಾಲಿನಲ್ಲಿ ನಿಂತಿತು. ಅದನ್ನೂ ನಿಲ್ಲಿಸಿದ. ಅದರ ಮುಂದಿನದರಲ್ಲಿ ನಿಂತಿತು. ಮೂರನೆಯ ಸಲ ಆಕಳಿಸಿ, ಬಹಳ ಯೋಚಿಸಿದವನಂತೆ ತೀರ್ಪು ಕೊಟ್ಟ.

"ಡಿಸ್ಕು ಹೋಗ್ತಾ ಇದೆ ಕಣೋ. ವಯಸ್ಸಾಯ್ತು."

ಎಷ್ಟು ಬೇಗ ಹಿಡಿದೆಯೋ ಎಂದು ಶಿವಪ್ರಕಾಶ ಗೆಳೆಯನ ಬೆನ್ನು ತಟ್ಟಿದ. ಅದನ್ನು ಮೊದಲು ಹೇಳಿದ್ದು ಯಾರು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮೈಥಿಲಿಯೂ ನೆನಪಿಸಲಿಲ್ಲ.

ಹೊಸ ಲ್ಯಾಪ್‌ಟಾಪು ತರಲು ಇಬ್ಬರೂ ಹೊರಟುನಿಂತರು. ಹಳೆಯದನ್ನು ಶಿವಪ್ರಕಾಶ ಗುಜರಿಗೆಂದು ಚೀಲಕ್ಕೆ ಹಾಕಿದ. ಮೈಥಿಲಿ ಬಂದು ಚೀಲದ ಪಟ್ಟಿ ಹಿಡಿದಳು.

"ಎಸೀಬೇಡಿ ರೀ. ನನಗಿರಲಿ."

"ಇದನ್ನಿಟ್ಕೊಂಡು ಏನು ಮಾಡ್ತೀಯ?"

"ಅಡುಗೆ ರೆಸಿಪಿ ಬರೆದಿಡ್ತೀನಿ."

ರೆಸಿಪಿಗೆ ಐದು ನಿಮಿಷ ಕಾದರೆ ಯಾರ ಕಂಪನಿಯೂ ಮುಳುಗುವುದಿಲ್ಲ, ಕೊಡೋ ಎಂದು ಮಧುಕರ ಶಿಫಾರಸು ಮಾಡಿದ. ಇಬ್ಬರೂ ಮತ್ತೊಮ್ಮೆ ನಕ್ಕರು. ಮೈಥಿಲಿಗೆ ಮೈಯೆಲ್ಲ ಉರಿಯಿತು. ಆದರೂ ಪಟ್ಟಿ ಹಿಡಿದ ಕೈ ಸಡಿಲಿಸಲಿಲ್ಲ. ಕೊನೆಗೆ ಶಿವಪ್ರಕಾಶನೇ ಚೀಲ ಬಿಟ್ಟು ಚಪ್ಪಲಿ ಮೆಟ್ಟಿದ.

ಅವರ ಕಾರು ಫ್ರೀವೇ ಸೇರುವ ಮೊದಲೇ ಮೈಥಿಲಿ, ಮಧುಕರ ನೋಡದೆ ಬಿಟ್ಟ ಆ ಫೈಲನ್ನು ತೆರೆದು, ಗಂಡ ಸ್ನಾನಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ತಾನೇ ಬೇಕೆಂದು ತಪ್ಪಾಗಿ ಬರೆದಿಟ್ಟಿದ್ದ ಅಡ್ರೆಸ್ಸಿನ ಒಂದೇ ಒಂದು ಅಂಕಿಯನ್ನು ಅಳಿಸಿ, ಸರಿಯಾದದ್ದನ್ನು ಬರೆದಳು.