ಕಿಟಕಿಗೆ ಕಟ್ಟಿದ ತಡಿಕೆ

ಹಸಿ ಬಿದಿರು ಸೀಳಿದ ವಾಸನೆ ಬಂದರೆ ಈಗಲೂ ನನಗೆ ಗುಂಡ್ಲುಪೇಟೆಯ ನಮ್ಮ ಮನೆಯ ಬೀದಿಗೋಡೆ ಕಣ್ಣಿಗೆ ಬರುತ್ತದೆ.

ಒಂದು ಮಧ್ಯಾಹ್ನ ಅಪ್ಪ ಹತ್ತಿರದ ಹಂಗಳ ಊರಿನಿಂದ ತರಿಸಿದ್ದ ಬಿದಿರನ್ನು ಜಗಲಿಯ ಮೇಲೆ ಕೂತು ತಾನೇ ಸೀಳಿದ. ದಬ್ಬೆಗಳನ್ನು ಅಡ್ಡ ಉದ್ದ ಇಟ್ಟು, ತೆಂಗಿನ ಹುರಿಯಲ್ಲಿ ಬಿಗಿದು ತಡಿಕೆ ಮಾಡಿದ. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲವೆಂದು ಹುಣಸೆ ಗೂಟ ಹೊಡೆದು, ಅಕ್ಕ ಕೂರುತ್ತಿದ್ದ ಕಿಟಕಿಗೇ ಅಡ್ಡಲಾಗಿ ಅದನ್ನು ಕಟ್ಟತೊಡಗಿದ. ಆ ಕಿಟಕಿಯಿಂದ ಎದುರಿನ ದರ್ಜಿ ಅಂಗಡಿ ಕಾಣುತ್ತಿತ್ತು. ಅಲ್ಲಿನ ಹುಡುಗ ಮಿಷಿನ್ ತುಳಿಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ಕೂತಿದ್ದ.

“ಗೋಡೆ ಇಷ್ಟಗ್ಲ ಅದಲ್ಲಪ್ಪ, ಕಿಟ್ಕಿ ಮ್ಯಾಲೇ ಯಾಕ?” ಎಂದೆ.

“ಮಲ್ಲಿಗೆ ಬಳ್ಳಿಗೆ ಇಲ್ಲೇ ಚೆಂದಾಗಿ ಬಿಸ್ಲು ಬೀಳ್ತದ ಕಣಮ್ಮಿ” ಎಂದ ಅಪ್ಪ. ಅವನು ಅದುವರೆಗೆ ಒಂದೂ ಹೂವಿನ ಗಿಡ ನೆಟ್ಟವನಲ್ಲ.

ಒಳಗಿನಿಂದ ಅಕ್ಕ, “ಒಂದು ಗೇಣು ಸಂದಿ ಬುಡಪ್ಪ, ಬೆಳಕಾದ್ರೂ ಬರ್ಲಿ” ಎಂದಳು.

ಅಪ್ಪ ಹುರಿ ಬಿಗಿಯುತ್ತಲೇ ಇದ್ದ. ಅಜ್ಜಿ ಎಲೆಯಡಿಕೆ ಉಗಿದು, “ಮುಡ್ಕಳಕೆ ಊವು ಸಿಕ್ತದಲ್ಲ, ಬೆಳಕ್ಯಾಕವ್ವ?” ಎಂದಳು.

ಬಳ್ಳಿ ತಡಿಕೆಯ ತುದಿ ಮುಟ್ಟುವ ಹೊತ್ತಿಗೆ ಅಕ್ಕನನ್ನು ಉಡಿಗಾಲಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಅವಳನ್ನು ಗಾಡಿ ಹತ್ತಿಸಿ ಕಳಿಸಿದ ಮಾರನೆಯ ದಿನವೇ ಅಪ್ಪ ತಡಿಕೆ ಬಿಚ್ಚಿ, ಮುರಿದು, ಬಚ್ಚಲ ಒಲೆಗೆ ಹಾಕಿದ. ಮೊಗ್ಗು ಕಟ್ಟಿದ್ದ ಬಳ್ಳಿಯೂ ಅದರ ಜೊತೆಗೇ ಹೋಯಿತು.

“ಮಲ್ಲಿಗೆ ಬ್ಯಾಡ್ವಾ ಅಪ್ಪ?” ಎಂದು ಅಳುತ್ತ ಕೇಳಿದೆ.

ಅವನು ನನ್ನ ತಲೆ ಸವರಿದ. “ನೀ ದೊಡ್ಡೋಳಾಗಮ್ಮಿ, ಆಗ ಇನ್ನೊಂದು ಕಟ್ಟನ ಬುಡು.”

ಗೂಟಗಳನ್ನು ಮಾತ್ರ ಅವನು ಗೋಡೆಯಿಂದ ಕೀಳಲಿಲ್ಲ.